ಬಾಯ್ಕಾಟ್: ಕರ್ತೃ ಯಾರು, ಕರ್ಮ ಯಾರು?

ಈ ಪದದಲ್ಲಿ ಹುಡುಗನೂ ಇಲ್ಲ, ಮಂಚವೂ ಇಲ್ಲ. ‘ಬಾಯ್’, ‘ಕಾಟ್’ ಅಂತ ಎರಡು ತುಂಡು ಮಾಡಿ ನಕ್ಕವರು ನಮ್ಮ ಸ್ಕೂಲುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಕ್ರಿಕೆಟ್ ನೋಡುತ್ತಾ ಬೆಳೆದವರಿಗೆ ಈ ಸದ್ದು ಕಿವಿಗೆ ಬಿದ್ದ ಕೂಡಲೇ ನೆನಪಾಗೋದು ಯಾರ್ಕ್‌ಷೈರ್‌ನ ಜೆಫ್ರಿ ಬಾಯ್ಕಾಟ್ ಮತ್ತು ಆತನ ಕಾಮೆಂಟರಿ. ಎರಡನೆಯವರು ನಿಜಕ್ಕೆ ಸ್ವಲ್ಪ ಹತ್ತಿರ ಇದ್ದಾರೆ. ಯಾಕಂದ್ರೆ ಕ್ರಿಯಾಪದವಾಗಿ ಹೋದದ್ದು ಕೂಡ ಅದೇ ಮನೆತನದ ಹೆಸರು. ಆದರೆ ಅವನು ಬ್ಯಾಟ್ ಹಿಡಿದವನಲ್ಲ, ಬಾಡಿಗೆ ವಸೂಲಿ ಮಾಡುತ್ತಿದ್ದವನು.

ಇವತ್ತು ಈ ಪದ ನಮ್ಮ ಫೋನಿನಲ್ಲೇ ವಾಸ ಮಾಡುತ್ತಿದೆ. ಸಿನಿಮಾ ಬಿಡುಗಡೆಗೆ ಇನ್ನೂ ವಾರ ಇರುವಾಗಲೇ ಹ್ಯಾಶ್‌ಟ್ಯಾಗ್ ಶುರು. ಯಾವುದೋ ಜಾಹೀರಾತು ಯಾರಿಗೋ ಹಿಡಿಸಲಿಲ್ಲ ಅಂದ್ರೆ ಆ ಬ್ರ್ಯಾಂಡ್ ಬಾಯ್ಕಾಟ್. ಫ್ಯಾಮಿಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾವ ಕಳಿಸಿದ ಫಾರ್ವರ್ಡಿನಲ್ಲಿ ಯಾವುದೋ ದೇಶದ ಸಾಮಾನು ಬಾಯ್ಕಾಟ್. ನಾವು ಕನ್ನಡದವರು ಎಲ್ಲ ಇಂಗ್ಲಿಷ್ ಕ್ರಿಯಾಪದಗಳ ಹಾಗೆ ಇದಕ್ಕೂ ಒಂದು ‘ಮಾಡು’ ಸೇರಿಸಿ ಬಾಯ್ಕಾಟ್ ಮಾಡ್ತೀವಿ. ಇಂಗ್ಲಿಷಿನಲ್ಲಿ ಅದರ ಅವಶ್ಯಕತೆ ಇಲ್ಲ, ಅದೇ ಒಂದು ಪೂರ್ತಿ ಸಕರ್ಮಕ ಕ್ರಿಯಾಪದ. ಯಾರೋ ಮಾಡಬೇಕು, ಯಾರ ಮೇಲೋ ಮಾಡಬೇಕು.

ಇಂಗ್ಲಿಷಿನ ಬಹುಪಾಲು ಕ್ರಿಯಾಪದಗಳು ಯಾವಾಗ ಹುಟ್ಟಿದವು, ಯಾರ ಬಾಯಲ್ಲಿ ಹುಟ್ಟಿದವು ಅಂತ ಹೇಳೋದು ಅಸಾಧ್ಯ. ಹೋಗು, ಬಾ, ತಿನ್ನು ಅನ್ನುವಂಥ ಪದಗಳ ಜಾತಕ ಯಾರ ಹತ್ತಿರ ಇರುತ್ತೆ? ಬಾಯ್ಕಾಟ್ ಮಾತ್ರ ಹಾಗಲ್ಲ. ಇದರ ವರ್ಷ ಗೊತ್ತು, ಊರು ಗೊತ್ತು, ಹೆಚ್ಚುಕಮ್ಮಿ ಯಾರು ಮೊದಲು ಅಂದರು ಅನ್ನೋದೂ ಗೊತ್ತು. 1880ರ ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತು. ಐರ್ಲೆಂಡಿನ ಪಶ್ಚಿಮ ಭಾಗದ ಮೇಯೋ ಜಿಲ್ಲೆ, ಲಾಕ್ ಮಾಸ್ಕ್ ಅನ್ನುವ ಸರೋವರದ ದಂಡೆ.

ಆಗ ಐರ್ಲೆಂಡ್ ಬ್ರಿಟಿಷ್ ಆಳ್ವಿಕೆಯಲ್ಲಿತ್ತು. ಉಳುವವರು ಐರಿಷ್ ಗೇಣಿದಾರರು, ಜಮೀನು ಮಾತ್ರ ದೊಡ್ಡ ದೊಡ್ಡ ಭೂಮಾಲೀಕರದ್ದು. ಅವರಲ್ಲಿ ಅನೇಕರು ಆ ಊರಲ್ಲಿ ಇರುತ್ತಲೇ ಇರಲಿಲ್ಲ. ಗೇಣಿ ಕಟ್ಟದಿದ್ದರೆ ಮನೆಯಿಂದಲೇ ಎಬ್ಬಿಸಿ ಬೀದಿಗೆ ಹಾಕುವ ಹಕ್ಕು ಮಾಲೀಕರಿಗಿತ್ತು. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದ್ದರು. ಆ ನೆನಪು ಇನ್ನೂ ಹಸಿಯಾಗಿರುವಾಗಲೇ 1870ರ ದಶಕದ ಕೊನೆಯಲ್ಲಿ ಮತ್ತೆ ಬೆಳೆ ಕೈಕೊಟ್ಟಿತು. 1879ರ ಅಕ್ಟೋಬರಿನಲ್ಲಿ ಡಬ್ಲಿನ್‌ನಲ್ಲಿ ‘ಲ್ಯಾಂಡ್ ಲೀಗ್’ ಅನ್ನುವ ರೈತ ಸಂಘಟನೆ ಹುಟ್ಟಿತು. ಕಟ್ಟಿದವರಲ್ಲಿ ಮುಖ್ಯ ಮೈಕೆಲ್ ಡೇವಿಟ್, ಅಧ್ಯಕ್ಷ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್. ಬೇಡಿಕೆಗಳು ಮೂರು: ನ್ಯಾಯವಾದ ಗೇಣಿ, ಕಿತ್ತುಹಾಕದಂಥ ಭದ್ರತೆ, ತನ್ನ ಗೇಣಿಹಕ್ಕನ್ನು ಮಾರಿಕೊಳ್ಳುವ ಸ್ವಾತಂತ್ರ್ಯ.

ಬಾಯ್ಕಾಟ್ ಎಂಬ ಮನುಷ್ಯ ಬರುವುದು ಇಲ್ಲಿ. ಪೂರ್ತಿ ಹೆಸರು ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ 1832ರಲ್ಲಿ ಹುಟ್ಟಿದವನು. ಸೈನ್ಯದಲ್ಲಿ ಕೆಲವೇ ವರ್ಷ ಇದ್ದು ಬಿಟ್ಟುಬಂದಿದ್ದ. ಜನ ‘ಕ್ಯಾಪ್ಟನ್’ ಅಂತ ಕರೆಯುತ್ತಿದ್ದರು, ಆದರೆ ಆ ಹುದ್ದೆಗೆ ಅವನು ಏರಿದ್ದೇ ಇಲ್ಲ. 40,000 ಎಕರೆಗೂ ಹೆಚ್ಚು ಜಮೀನಿದ್ದ ಲಾರ್ಡ್ ಅರ್ನ್ ಎಂಬ ದೊಡ್ಡ ಭೂಮಾಲೀಕನ ಮೇಯೋ ಎಸ್ಟೇಟಿಗೆ ಇವನು ಏಜೆಂಟ್. ನಮ್ಮ ಕಡೆಯ ಮಾತಲ್ಲಿ ಹೇಳೋದಾದ್ರೆ ಜಮೀನ್ದಾರರ ಪಾರುಪತ್ಯಗಾರ. ತಾನೂ ಅಲ್ಲೇ ಜಮೀನು ಗುತ್ತಿಗೆ ಹಿಡಿದು ವ್ಯವಸಾಯ ಮಾಡುತ್ತಿದ್ದ. ಗೇಟು ತೆರೆದಿಟ್ಟರೆ ದಂಡ, ಕೋಳಿ ಬೇಲಿ ದಾಟಿದರೆ ದಂಡ ಅಂತ ಗೇಣಿದಾರರು ಇವನ ಮೇಲೆ ದೂರು ಹೇಳುತ್ತಿದ್ದರು. ರಾಕ್ಷಸ ಏನಲ್ಲ. ಮಾಲೀಕನಿಗಿಂತ ಮಾಲೀಕನ ಲೆಕ್ಕದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಮ್ಯಾನೇಜರ್. ಅಂಥವರನ್ನು ನಾವೆಲ್ಲ ನೋಡಿದೀವಿ.

1880ರಲ್ಲಿ ಲಾರ್ಡ್ ಅರ್ನ್ ಗೇಣಿಯಲ್ಲಿ 10% ಕಡಿತ ಕೊಡ್ತೀನಿ ಅಂದ. ಗೇಣಿದಾರರು 25% ಕೇಳಿದರು. ಆಗಲ್ಲ ಅಂದ. ಬಾಯ್ಕಾಟ್ ಹನ್ನೊಂದು ಕುಟುಂಬಗಳ ಮೇಲೆ ಒಕ್ಕಲೆಬ್ಬಿಸುವ ನೋಟಿಸು ತರಿಸಿದ.

ಇದೇ ಹೊತ್ತಿಗೆ, ಸೆಪ್ಟೆಂಬರ್ 19ರಂದು, ದಕ್ಷಿಣಕ್ಕಿರುವ ಕ್ಲೇರ್ ಜಿಲ್ಲೆಯ ಎನಿಸ್ ಪಟ್ಟಣದಲ್ಲಿ ಪಾರ್ನೆಲ್ ಒಂದು ಭಾಷಣ ಮಾಡಿದ್ದ. ನಿಮ್ಮ ನೆರೆಯವನನ್ನು ಒಕ್ಕಲೆಬ್ಬಿಸಿದ ಜಮೀನನ್ನು ಇನ್ನೊಬ್ಬ ಬಂದು ಗೇಣಿಗೆ ಹಿಡಿದರೆ ಅವನನ್ನು ಏನು ಮಾಡ್ತೀರಿ ಅಂತ ಕೇಳಿದ. ಗುಂಪಿನಿಂದ ಗುಂಡು ಹೊಡೀರಿ ಅನ್ನುವ ಕೂಗು ಬಂತು. ಅದಕ್ಕಿಂತ ಒಳ್ಳೆಯ, ಕ್ರೈಸ್ತರಿಗೆ ಒಪ್ಪುವಂಥ ದಾರಿ ಇದೆ ಅಂದ ಪಾರ್ನೆಲ್. ರಸ್ತೆಯಲ್ಲಿ ಸಿಕ್ಕರೆ ಮಾತಾಡಬೇಡಿ, ಅಂಗಡಿಯಲ್ಲಿ ಮಾತಾಡಬೇಡಿ, ಸಂತೆಯಲ್ಲಿ, ಕೊನೆಗೆ ಚರ್ಚಿನಲ್ಲೂ ಅವನನ್ನು ಒಂಟಿಯಾಗಿ ಬಿಟ್ಟುಬಿಡಿ, ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನು ದೂರ ಇಟ್ಟ ಹಾಗೆ ಇಡಿ ಅಂದ. ಈ ಕೊನೆಯ ಹೋಲಿಕೆಯನ್ನು ನೆನಪಿಟ್ಟುಕೊಳ್ಳಿ. ಪದ ಇನ್ನೂ ಹುಟ್ಟಿರಲಿಲ್ಲ, ಆದರೆ ಅದರ ನೆರಳು ಆಗಲೇ ಬಿದ್ದಿತ್ತು.

ಮೂರೇ ದಿನ. ಸೆಪ್ಟೆಂಬರ್ 22ರಂದು ಕೋರ್ಟಿನ ಅಮೀನ ಹದಿನೇಳು ಪೊಲೀಸರನ್ನು ಕಟ್ಟಿಕೊಂಡು ನೋಟಿಸು ಹಂಚಲು ಹೊರಟ. ಮೂರು ಮನೆಗೆ ಕೊಟ್ಟಾಯಿತು. ಅಷ್ಟರಲ್ಲಿ ಒಬ್ಬ ಹೆಂಗಸು ನೋಟಿಸು ತೆಗೆದುಕೊಳ್ಳಲು ಒಪ್ಪದೆ ಕೆಂಪು ಬಟ್ಟೆ ಬೀಸಿದಳು. ಸುತ್ತಮುತ್ತಲ ಹೆಂಗಸರೆಲ್ಲ ಓಡಿ ಬಂದು ಕಲ್ಲು, ಕೆಸರು, ಸಗಣಿ ತೂರಿದರು. ಅಮೀನ ಬಾಯ್ಕಾಟನ ಮನೆಗೆ ಓಡಿ ಬಾಗಿಲು ಹಾಕಿಕೊಂಡ. ಮರುದಿನದಿಂದ ಅವನ ಹೊಲಕ್ಕೆ ಆಳುಗಳು ಬರಲಿಲ್ಲ. ಮನೆಗೆಲಸದವರು ಬಿಟ್ಟು ಹೋದರು. ಕಮ್ಮಾರ ಕುದುರೆಗೆ ಲಾಳ ಹೊಡೆಯಲ್ಲ ಅಂದ. ಬಟ್ಟೆ ಒಗೆಯುವವಳು ಬರಲಿಲ್ಲ. ಟಪಾಲು ತರುತ್ತಿದ್ದ ಹುಡುಗನೂ ನಿಂತ. ಹತ್ತಿರದ ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ, ಮನೆಗೆ ಬೇಕಾದ ದಿನಸಿ ಸರೋವರದ ಆಚೆಯಿಂದ ದೋಣಿಯಲ್ಲಿ ಬರಬೇಕಾಯಿತು. ಹೊಲದಲ್ಲಿ ಟರ್ನಿಪ್, ಆಲೂಗಡ್ಡೆ ಹಾಗೇ ನಿಂತಿದ್ದವು.

ಬಾಯ್ಕಾಟ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ತನ್ನ ಗೋಳು ಬರೆದ. ಅಕ್ಟೋಬರಿನಲ್ಲಿ ಅದು ಅಚ್ಚಾದ ಮೇಲೆ ಊರಿನ ಜಗಳ ಸಾಮ್ರಾಜ್ಯದ ಸುದ್ದಿಯಾಯಿತು. ಅವನ ಬೆಳೆ ಕೀಳೋಕೆ ಉತ್ತರದ ಅಲ್ಸ್ಟರ್ ಪ್ರಾಂತ್ಯದಿಂದ ಐವತ್ತು ಜನ ಸ್ವಯಂಸೇವಕರು ನವೆಂಬರ್ ಮಧ್ಯದಲ್ಲಿ ಬಂದರು. ಇವರನ್ನು ಕಾಯೋಕೆ ಸರ್ಕಾರ ಸುಮಾರು ಸಾವಿರ ಸೈನಿಕರನ್ನೂ ಪೊಲೀಸರನ್ನೂ ಇಳಿಸಿತು. ಸುರಿಯುವ ಮಳೆಯಲ್ಲಿ, ಡೇರೆಗಳಲ್ಲಿ ಇದ್ದುಕೊಂಡು, ಎರಡು ವಾರ ಗೆಡ್ಡೆ ಕಿತ್ತರು. ಊರಿನವರು ಹಲ್ಲೆ ಮಾಡಲಿಲ್ಲ, ದೂರದಿಂದ ನೋಡುತ್ತಾ ನಿಂತರು. ಸುಮಾರು 500 ಪೌಂಡ್ ಬೆಲೆಯ ಬೆಳೆ ತೆಗೆಯೋಕೆ 10,000 ಪೌಂಡ್ ಖರ್ಚಾಯಿತು ಅಂತ ಆಗ ಅಂದಾಜು ಮಾಡಿದರು. ಒಂದೊಂದು ಟರ್ನಿಪ್ಪಿಗೆ ಒಂದೊಂದು ಶಿಲ್ಲಿಂಗ್ ಬಿತ್ತು ಅಂತ ಪಾರ್ನೆಲ್ ಗೇಲಿ ಮಾಡಿದ. ನವೆಂಬರ್ 27ರಂದು ಬಾಯ್ಕಾಟ್ ಕುಟುಂಬ ಸೈನ್ಯದ ಆ್ಯಂಬುಲೆನ್ಸ್ ಗಾಡಿಯಲ್ಲಿ ಊರು ಬಿಟ್ಟಿತು. ಡಬ್ಲಿನ್‌ನಲ್ಲಿ ಇಳಿದುಕೊಂಡ ಹೋಟೆಲಿನ ಮಾಲೀಕನಿಗೂ ಬೆದರಿಕೆ ಪತ್ರ ಬಂತು. ಡಿಸೆಂಬರ್ 1ಕ್ಕೆ ಇಂಗ್ಲೆಂಡಿನ ಹಡಗು ಹತ್ತಿದ.

ಇನ್ನು ಪದದ ಕಥೆ. ಆ ಊರಿನ ಪಾದ್ರಿ ಫಾದರ್ ಜಾನ್ ಓ’ಮ್ಯಾಲಿ ಲ್ಯಾಂಡ್ ಲೀಗಿನ ಕಡೆಯವರು. ಅಲ್ಲಿಗೆ ಬಂದಿದ್ದ ಅಮೆರಿಕನ್ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಅವರ ಜೊತೆ ಊಟಕ್ಕೆ ಕೂತಿದ್ದ. ಈ ರೆಡ್‌ಪಾತ್ ಹಿಂದೆ ಅಮೆರಿಕದಲ್ಲಿ ಗುಲಾಮಗಿರಿಯ ವಿರುದ್ಧ ಬರೆದು ಹೆಸರು ಮಾಡಿದವನು. ಊಟ ಮಾಡದೆ ಯೋಚಿಸುತ್ತಾ ಕೂತಿದ್ದವನನ್ನು ಪಾದ್ರಿ ಏನು ಸಮಾಚಾರ ಅಂತ ಕೇಳಿದರು. ಒಂದು ಪದ ಸಿಗ್ತಿಲ್ಲ, ಜನ ಹೀಗೆ ಒಬ್ಬನನ್ನು ದೂರ ಇಟ್ಟಾಗ ‘ಆಸ್ಟ್ರಸೈಜ್’ ಅಂತೀವಿ, ಆದರೆ ಅದು ಇಲ್ಲಿ ಆಗಲ್ಲ ಅಂದ. ಆಗಲ್ಲ, ನಮ್ಮ ರೈತರಿಗೆ ಅದು ಅರ್ಥವಾಗಲ್ಲ ಅಂದರು ಪಾದ್ರಿ. ಹಣೆ ತಟ್ಟಿಕೊಂಡು ಸ್ವಲ್ಪ ಯೋಚಿಸಿ, ಅವನನ್ನು ‘ಬಾಯ್ಕಾಟ್’ ಮಾಡೋದು ಅಂದ್ರೆ ಹೇಗೆ ಅಂದರಂತೆ. ಇದು ರೆಡ್‌ಪಾತ್ ಹೇಳಿದ ಕಥೆ, ಡೇವಿಟ್ 1904ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ.

ಪಾದ್ರಿಗಳ ಕಿವಿ ಚುರುಕು. ‘ಆಸ್ಟ್ರಸೈಜ್’ ಗ್ರೀಕಿನಿಂದ ಬಂದ ಪದ. ಪ್ರಾಚೀನ ಅಥೆನ್ಸಿನಲ್ಲಿ ಮಡಕೆ ಚೂರಿನ ಮೇಲೆ ಹೆಸರು ಗೀಚಿ, ಓಟು ಹಾಕಿ, ಒಬ್ಬನನ್ನು ಹತ್ತು ವರ್ಷ ಊರಿಂದ ಆಚೆ ಕಳಿಸುತ್ತಿದ್ದರು. ಆ ಮಡಕೆ ಚೂರು ಗ್ರೀಕಿನಲ್ಲಿ ‘ಆಸ್ಟ್ರಕಾನ್’. ಮನೆಯಲ್ಲಿ ಐರಿಷ್ ಮಾತಾಡುತ್ತಿದ್ದ ಮೇಯೋದ ರೈತರಿಗೆ ಈ ಪಾಂಡಿತ್ಯ ತೆಗೆದುಕೊಂಡು ಏನಾಗಬೇಕು? ಬಾಯ್ಕಾಟ್ ಅಂದ್ರೆ ಎಲ್ಲರಿಗೂ ಗೊತ್ತು, ಅಲ್ಲೇ ಎದುರಿಗೆ ಇದ್ದಾನೆ.

ವ್ಯಕ್ತಿಯ ಹೆಸರು ಕ್ರಿಯಾಪದವಾಗುವುದು ಇಂಗ್ಲಿಷಿನಲ್ಲಿ ಹೊಸದಲ್ಲ. ಶೇಕ್ಸ್‌ಪಿಯರನ ನಾಟಕಗಳಿಂದ ‘ಮನೆಮಂದಿಯ ಮುಂದೆ ಓದಬಾರದ’ ಸಾಲು ಕಿತ್ತುಹಾಕಿದ ಥಾಮಸ್ ಬೌಡ್ಲರನಿಂದ ‘ಬೌಡ್ಲರೈಜ್’ ಬಂತು. ಆದರೆ ವ್ಯತ್ಯಾಸ ನೋಡಿ. ಬೌಡ್ಲರೈಜ್ ಮಾಡಿದವನು ಬೌಡ್ಲರ್. ಅವನು ಕರ್ತೃ. ಬಾಯ್ಕಾಟ್ ಮಾಡಿದವನು ಬಾಯ್ಕಾಟ್ ಅಲ್ಲ, ಅದನ್ನು ಮಾಡಿಸಿಕೊಂಡವನು. ಸ್ಕೂಲಿನ ವ್ಯಾಕರಣದಲ್ಲಿ ಕರ್ತೃ, ಕರ್ಮ, ಕ್ರಿಯೆ ಅಂತ ಓದಿದ್ದು ನೆನಪಿದೆಯಲ್ಲ? ಇಲ್ಲಿ ಕರ್ಮವೇ ಕ್ರಿಯೆಯಾಗಿಬಿಟ್ಟಿದೆ. ಕರ್ತೃಗಳು ಮಾತ್ರ ಹೆಸರಿಲ್ಲದ ಒಂದು ಗುಂಪು: ಕಮ್ಮಾರ, ಅಗಸಗಿತ್ತಿ, ಅಂಗಡಿಯವನು, ಟಪಾಲಿನ ಹುಡುಗ.

ಪದ ಓಡಿದ ವೇಗ ಇವತ್ತಿನ ವೈರಲ್‌ಗೆ ಕಡಿಮೆ ಏನಿಲ್ಲ. ಬಾಯ್ಕಾಟ್ ಇನ್ನೂ ಊರು ಬಿಟ್ಟಿರಲಿಲ್ಲ, ನವೆಂಬರ್ 20ರ ಟೈಮ್ಸ್ ಪತ್ರಿಕೆ ಇನ್ನೊಂದು ಊರಿನ ಜಗಳದ ವರದಿಯಲ್ಲಿ ಈ ಪದವನ್ನು ಉದ್ಧರಣ ಚಿಹ್ನೆ ಹಾಕಿ ಬಳಸಿತು. ಆಮೇಲೆ ಫ್ರೆಂಚ್, ಜರ್ಮನ್, ಡಚ್, ರಷ್ಯನ್, ಜಪಾನಿ ಭಾಷೆಗಳು ಒಂದಿಷ್ಟು ಬಾಲ ಬದಲಿಸಿ ಇದನ್ನೇ ತೆಗೆದುಕೊಂಡವು. ಆಕ್ಸ್‌ಫರ್ಡ್ ನಿಘಂಟು ಆಗ ಕಂತು ಕಂತಾಗಿ ಹೊರಬರುತ್ತಿತ್ತು. 1887ರ ಕಂತಿನಲ್ಲಿ ಈ ಪದವೂ ಸೇರಿತು. ಮೂಲ ಬಾಯ್ಕಾಟ್ ಆಗ ಬದುಕೇ ಇದ್ದ. ಅವನು 1881ರಲ್ಲಿ ಅಮೆರಿಕಕ್ಕೆ ಹೋದಾಗ ಕೊನೆಯ ಹೆಸರು ಬಿಟ್ಟು ‘ಚಾರ್ಲ್ಸ್ ಕನಿಂಗ್‌ಹ್ಯಾಮ್’ ಅಂತ ಹೇಳಿಕೊಂಡು ಪ್ರಯಾಣ ಮಾಡಿದ್ದ. 1897ರಲ್ಲಿ ತೀರಿಕೊಂಡ. ಲ್ಯಾಂಡ್ ಲೀಗಿನ ಮೂರು ಬೇಡಿಕೆಗಳಿಗೆ 1881ರಲ್ಲೇ ಬ್ರಿಟಿಷ್ ಪಾರ್ಲಿಮೆಂಟು ಬಹುಮಟ್ಟಿಗೆ ಕಾನೂನಿನ ರೂಪ ಕೊಟ್ಟಿತು.

ಹಾಗಂತ ಈ ಕೆಲಸವನ್ನು ಮೊದಲು ಮಾಡಿದವರು ಐರಿಷ್ ರೈತರೇ ಅಂತಲ್ಲ. 1760ರ ದಶಕದಲ್ಲಿ ಅಮೆರಿಕದ ವಸಾಹತುಗಳು ತೆರಿಗೆ ವಿರೋಧಿಸಿ ಬ್ರಿಟಿಷ್ ಸಾಮಾನು ತರಿಸುವುದನ್ನು ನಿಲ್ಲಿಸಿದ್ದವು. 1791ರಲ್ಲಿ ಇಂಗ್ಲೆಂಡಿನ ಸಾವಿರಾರು ಕುಟುಂಬಗಳು ವೆಸ್ಟ್ ಇಂಡೀಸಿನ ಸಕ್ಕರೆ ಬಿಟ್ಟವು, ಅದು ಗುಲಾಮರ ಬೆವರು-ರಕ್ತದಿಂದ ಬಂದದ್ದು ಅನ್ನುವ ಕಾರಣಕ್ಕೆ. ಸಕ್ಕರೆಯಿಲ್ಲದ ಟೀ ಅವರ ಪ್ರತಿಭಟನೆ. ಅವರ ಹತ್ತಿರ ಕೆಲಸ ಇತ್ತು, ಅದಕ್ಕೊಂದು ಗಟ್ಟಿ ಕ್ರಿಯಾಪದ ಇರಲಿಲ್ಲ. ‘ಆಮದು ಮಾಡದಿರುವುದು’, ‘ತೊರೆಯುವುದು’ ಅಂತೆಲ್ಲ ಸುತ್ತಿ ಬಳಸಿ ಹೇಳಬೇಕಿತ್ತು. ಹೆಸರು ಸಿಕ್ಕ ಮೇಲೆ ಒಂದು ಉಪಾಯವನ್ನು ಒಂದು ಊರಿಂದ ಇನ್ನೊಂದು ಊರಿಗೆ ಒಂದೇ ಪದದಲ್ಲಿ ಕಳಿಸಬಹುದು.

ಆ ಪದದ ಒಳಗೆ ಮೇಯೋದ ಮಣ್ಣು ಎಷ್ಟು ಅಂಟಿಕೊಂಡಿದೆ ಅನ್ನೋದೇ ನನ್ನ ಪ್ರಶ್ನೆ. ಅಲ್ಲಿ ಮೂರು ಸಂಗತಿ ಒಟ್ಟಿಗೆ ಇದ್ದವು. ಒಂದು, ದಿಕ್ಕು: ಕೆಳಗಿರುವವರು ಮೇಲಿರುವವನ ವಿರುದ್ಧ ಮಾಡಿದ್ದು. ಎರಡು, ಸಾಧನ: ಕೊಡದಿರುವುದು ಮಾತ್ರ. ನಮ್ಮ ದುಡಿಮೆ, ನಮ್ಮ ಸಾಮಾನು, ನಮ್ಮ ಮಾತು ನಿನಗಿಲ್ಲ. ಮೂರು, ಈಡೇರಿಸಬಹುದಾದ ಬೇಡಿಕೆ: ಗೇಣಿ ಇಳಿಸು, ನೋಟಿಸು ಹಿಂದಕ್ಕೆ ತಗೋ, ನಾಳೆಯೇ ಕೆಲಸಕ್ಕೆ ಬರ್ತೀವಿ.

ಆದರೆ ಪ್ರಾಮಾಣಿಕವಾಗಿ ನೋಡಿದರೆ ಮೇಯೋದಲ್ಲೂ ಎಲ್ಲ ಶುದ್ಧವಾಗಿರಲಿಲ್ಲ. ಬಾಯ್ಕಾಟನ ಆಳುಗಳೆಲ್ಲ ಸ್ವಂತ ಇಷ್ಟದಿಂದ ಬಿಟ್ಟವರಲ್ಲ, ಕೆಲವರಿಗೆ ಬೆದರಿಕೆ ಹಾಕಲಾಗಿತ್ತು. ಟಪಾಲಿನ ಹುಡುಗನೂ ಅವರಲ್ಲೊಬ್ಬ. ಪಾರ್ನೆಲ್ ಭಾಷಣದ ಮೂಲ ಗುರಿಯೂ ಜಮೀನ್ದಾರ ಆಗಿರಲಿಲ್ಲ, ಖಾಲಿಯಾದ ಹೊಲ ಹಿಡಿಯುವ ಇನ್ನೊಬ್ಬ ರೈತ. ಅಂದರೆ ಈ ಆಯುಧಕ್ಕೆ ಹುಟ್ಟಿನಿಂದಲೇ ಎರಡು ಅಲಗು. ಮೇಲಕ್ಕೂ ಬೀಸಬಹುದು, ಪಕ್ಕಕ್ಕೂ, ಕೆಳಕ್ಕೂ.

ನಮ್ಮ ದೇಶದಲ್ಲಿ ಈ ಪದ ರಾಜಕೀಯದ ಮಧ್ಯಕ್ಕೆ ಬಂದದ್ದು ಬಂಗಾಳ ವಿಭಜನೆಯ ಕಾಲಕ್ಕೆ. 1905ರ ಆಗಸ್ಟ್ 7ರಂದು ಕಲ್ಕತ್ತಾದ ಟೌನ್ ಹಾಲಿನ ಸಭೆಯಲ್ಲಿ ಬ್ರಿಟಿಷ್ ಸರಕಿನ ಬಾಯ್ಕಾಟ್ ನಿರ್ಣಯವಾಯಿತು. ಮ್ಯಾಂಚೆಸ್ಟರ್ ಬಟ್ಟೆ ಬೇಡ, ಲಿವರ್‌ಪೂಲ್ ಉಪ್ಪು ಬೇಡ. ಈ ಪದ ಎಲ್ಲಿಯವರೆಗೆ ಹೋಗಬೇಕು ಅನ್ನುವುದರ ಮೇಲೆ ಕಾಂಗ್ರೆಸ್ಸಿನೊಳಗೇ ಜಗಳ ಬೆಳೆಯಿತು. 1907ರ ಸೂರತ್ ಅಧಿವೇಶನದಲ್ಲಿ ಪಕ್ಷ ಒಡೆದಾಗ ಇದೂ ಒಂದು ಕಾರಣ. ರವೀಂದ್ರನಾಥ ಟ್ಯಾಗೋರ್ ಆರಂಭದಲ್ಲಿ ಸ್ವದೇಶಿ ಚಳವಳಿಯ ಜೊತೆಗಿದ್ದವರು, ಆಮೇಲೆ ದೂರ ಸರಿದರು. 1916ರ ಅವರ ‘ಘರೆ ಬೈರೆ’ ಕಾದಂಬರಿಯಲ್ಲಿ ವಿದೇಶಿ ಬಟ್ಟೆ ಮಾರಿ ಹೊಟ್ಟೆ ಹೊರೆಯುವ ಬಡ ವ್ಯಾಪಾರಿಗಳ ಮೇಲೆ ಓದಿದ ಹುಡುಗರು ಬಲವಂತ ಮಾಡುತ್ತಾರೆ. ಗುರಿ ಮ್ಯಾಂಚೆಸ್ಟರ್, ಏಟು ಬಿದ್ದದ್ದು ಸಂತೆಯಲ್ಲಿ ಗಂಟು ಬಿಚ್ಚಿ ಕೂತವನಿಗೆ.

ಗಾಂಧೀಜಿಗೂ ಈ ಪದದ ಬಗ್ಗೆ ಅನುಮಾನ ಇತ್ತು. 1919ರ ನವೆಂಬರಿನಲ್ಲಿ ದೆಹಲಿಯ ಖಿಲಾಫತ್ ಸಭೆಯಲ್ಲಿ ಹಸರತ್ ಮೊಹಾನಿ ಬ್ರಿಟಿಷ್ ಸರಕಿನ ಬಾಯ್ಕಾಟ್ ಬೇಕು ಅಂತ ಪಟ್ಟು ಹಿಡಿದರು. ಗಾಂಧೀಜಿಗೆ ಅದು ಸಾಲದು ಅನ್ನಿಸಿತು. ಬೇರೆ ಪದಕ್ಕಾಗಿ ಹುಡುಕಾಡಿದರು. ಹಿಂದಿ-ಉರ್ದುವಿನಲ್ಲಿ ತಕ್ಷಣ ಸಿಗದೆ, ಇಂಗ್ಲಿಷಿನಲ್ಲೇ ‘ನಾನ್ ಕೋಆಪರೇಷನ್’ ಅಂದರು. ಅಸಹಕಾರ. ಒಬ್ಬನನ್ನು ಆಚೆ ದೂಡುವುದಲ್ಲ, ನನ್ನ ಕೈ ನಾನು ಹಿಂದಕ್ಕೆ ತೆಗೆದುಕೊಳ್ಳುವುದು. ಹತ್ತು ವರ್ಷ ಆದಮೇಲೆ ನಮ್ಮ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆ ಮಾಡಿ ಜಮೀನು ಕಳೆದುಕೊಂಡರು. ಮೇಯೋದ್ದೇ ಪ್ರಶ್ನೆ ಅಲ್ಲೂ ಎದ್ದಿತು: ಜಪ್ತಿಯಾದ ಆಸ್ತಿಯನ್ನು ಇನ್ನೊಬ್ಬ ಕೊಂಡುಕೊಂಡರೆ ಏನು ಮಾಡೋದು? ಸಿದ್ದಾಪುರದ ಕಡೆಯ ಹೆಂಗಸರು ಕೊಂಡವರ ಮನೆ ಮುಂದೆ ಉಪವಾಸ ಕೂತರು. ಹಸಿವನ್ನು ಅವನ ಮೇಲೆ ಹಾಕುವ ಬದಲು ತಮ್ಮ ಮೇಲೆ ಎಳೆದುಕೊಂಡರು.

ಅಮೆರಿಕದ ಮಾಂಟ್ಗೊಮರಿಯಲ್ಲೂ ಇದೇ ತೊಳಲಾಟ. 1955ರ ಡಿಸೆಂಬರ್ 1ರಂದು ಬಸ್ಸಿನ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನವಾಯಿತು. ಡಿಸೆಂಬರ್ 5ರಿಂದ ಕಪ್ಪು ಜನ ಬಸ್ ಹತ್ತುವುದು ಬಿಟ್ಟರು. 381 ದಿನ ನಡೆದರು, ಕಾರು ಹಂಚಿಕೊಂಡರು, ಕೊನೆಗೆ ಗೆದ್ದರು. ಚರಿತ್ರೆಯಲ್ಲಿ ಅದು ‘ಬಸ್ ಬಾಯ್ಕಾಟ್’ ಅಂತಲೇ ಪ್ರಸಿದ್ಧ. ಆದರೆ ಚಳವಳಿ ಶುರುವಾಗುವ ಮುಂಚೆ ಮಾರ್ಟಿನ್ ಲೂಥರ್ ಕಿಂಗ್ ಆ ಪದದ ಮುಂದೆ ತಡೆದು ನಿಂತಿದ್ದರು. ಯಾಕಂದ್ರೆ ಬಿಳಿಯರ ‘ಸಿಟಿಜನ್ಸ್ ಕೌನ್ಸಿಲ್’ಗಳು ಕೂಡ ಇದೇ ಆಯುಧ ಬಳಸುತ್ತಿದ್ದವು. ಸಮಾನತೆ ಕೇಳಿದ ಕಪ್ಪು ಜನರ ಕೆಲಸ, ಸಾಲ, ವ್ಯಾಪಾರ ಕಿತ್ತುಕೊಳ್ಳುತ್ತಿದ್ದವು. ನಾವೂ ಅದನ್ನೇ ಮಾಡ್ತಾ ಇದೀವಾ ಅನ್ನೋದು ಅವರ ಚಿಂತೆ. ಬಸ್ ಕಂಪನಿಯನ್ನು ಮುಳುಗಿಸೋದು ನಮ್ಮ ಉದ್ದೇಶವಲ್ಲ, ಕೆಟ್ಟ ವ್ಯವಸ್ಥೆಗೆ ಕೊಡುತ್ತಿದ್ದ ಸಹಕಾರ ಹಿಂದಕ್ಕೆ ತೆಗೆದುಕೊಳ್ಳುವುದು ಅಂತ ಅರ್ಥ ಸ್ಪಷ್ಟವಾದ ಮೇಲೆಯೇ ಅವರಿಗೆ ಸಮಾಧಾನವಾದದ್ದು. ಇದನ್ನು ಅವರೇ 1958ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.

ಕಿಂಗ್ ಅವರ ಚಿಂತೆ ಅತಿಯಾಯಿತು ಅನ್ನಿಸಿದರೆ ಇನ್ನೊಂದು ದಿನಾಂಕ ನೋಡಿ: 1933ರ ಏಪ್ರಿಲ್ 1. ಹಿಟ್ಲರ್ ಅಧಿಕಾರಕ್ಕೆ ಬಂದು ಎರಡೇ ತಿಂಗಳು. ಜರ್ಮನಿಯಾದ್ಯಂತ ಯಹೂದಿಗಳ ಅಂಗಡಿ, ಡಾಕ್ಟರ್ ಕ್ಲಿನಿಕ್, ವಕೀಲರ ಕಚೇರಿಗಳ ಮುಂದೆ ಸಮವಸ್ತ್ರದ ನಾಜಿ ಪಡೆಯವರು ನಿಂತು, ಇಲ್ಲಿ ಕೊಳ್ಳಬೇಡಿ ಅಂತ ಫಲಕ ಹಿಡಿದರು. ಅದನ್ನೂ ಬಾಯ್ಕಾಟ್ ಅಂತಲೇ ಕರೆದರು, ಜರ್ಮನ್ ಸ್ಪೆಲ್ಲಿಂಗಿನಲ್ಲಿ. ಕ್ರಿಯಾಪದ ಅದೇ. ಕರ್ತೃ ಈಗ ಸರ್ಕಾರ ಮತ್ತು ಬಹುಸಂಖ್ಯಾತರು, ಕರ್ಮ ಒಂದು ಸಣ್ಣ ಸಮುದಾಯ. ಬೇಡಿಕೆ ಏನು? ಏನೂ ಇಲ್ಲ. ಆ ಅಂಗಡಿಯವನು ಏನು ಬದಲಿಸಿದರೂ ಬಾಗಿಲು ಮತ್ತೆ ತೆರೆಯುವಂತಿರಲಿಲ್ಲ, ಯಾಕಂದ್ರೆ ಅವನ ತಪ್ಪು ಅವನ ಹುಟ್ಟು.

ಈಗ ನಮ್ಮ ಭಾಷೆಗೆ ಬರೋಣ. ಪತ್ರಿಕೆಯವರು ಬಾಯ್ಕಾಟ್ ಅನ್ನೋದಕ್ಕೆ ‘ಬಹಿಷ್ಕಾರ’ ಅಂತ ಬರೀತಾರೆ. ಕಲಾಪ ಬಹಿಷ್ಕಾರ, ತರಗತಿ ಬಹಿಷ್ಕಾರ, ರಸ್ತೆ ಆಗದಿದ್ದಕ್ಕೆ ಊರಿನವರಿಂದ ಮತದಾನ ಬಹಿಷ್ಕಾರ. ಆದರೆ ಬಹಿಷ್ಕಾರ ಅನ್ನುವ ಪದ ಬಾಯ್ಕಾಟಿಗಿಂತ ಎಷ್ಟೋ ಹಳೆಯದು, ಅದರ ಅರ್ಥವೂ ಬೇರೆ. ಸಂಸ್ಕೃತದ ‘ಬಹಿಸ್’ ಅಂದ್ರೆ ಹೊರಗೆ. ಬಹಿಷ್ಕಾರ ಅಂದ್ರೆ ಹೊರಗೆ ಹಾಕುವುದು. ಮತದಾನ ಬಹಿಷ್ಕರಿಸುವವರು ಯಾರನ್ನೂ ಹೊರಗೆ ಹಾಕುತ್ತಿಲ್ಲ, ತಾವೇ ಹೊರಗುಳಿಯುತ್ತಿದ್ದಾರೆ. ಒಂದು ಹಳೇ ಪಾತ್ರೆಗೆ ಹೊಸ ಅರ್ಥ ಸುರಿದಿದ್ದೀವಿ, ಪಾತ್ರೆಯ ತಳದಲ್ಲಿ ಹಳೆಯದು ಇನ್ನೂ ಉಳಿದಿದೆ.

ಆ ಹಳೆಯದು ಏನು ಅಂತ ನೋಡಬೇಕಾದರೆ ‘ಘಟಶ್ರಾದ್ಧ’ ನೆನಪಿಸಿಕೊಳ್ಳಿ. ಅನಂತಮೂರ್ತಿಯವರ ಕಥೆ, 1977ರಲ್ಲಿ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾ. ಬದುಕಿರುವ ವಿಧವೆಗೆ ಮಡಕೆ ಒಡೆದು ಶ್ರಾದ್ಧ ಮಾಡಿ, ನೀನು ನಮ್ಮ ಪಾಲಿಗೆ ಸತ್ತೆ ಅಂತ ಹೊರಗೆ ಹಾಕುತ್ತಾರೆ. ಅಥೆನ್ಸಿನಲ್ಲೂ ಮಡಕೆ ಚೂರು, ಇಲ್ಲೂ ಮಡಕೆ. ಅಥೆನ್ಸಿನಲ್ಲಿ ಹತ್ತು ವರ್ಷ ಕಳೆದ ಮೇಲೆ ವಾಪಸ್ ಬರಬಹುದಿತ್ತು.

ಇದಕ್ಕಿಂತ ದೊಡ್ಡ ಮಟ್ಟದಲ್ಲಿ, ಇಡೀ ಕೇರಿಯ ಮೇಲೆ ನಡೆಯುವ ಬಹಿಷ್ಕಾರವನ್ನು ಅಂಬೇಡ್ಕರ್ ಕಣ್ಣಾರೆ ಕಂಡಿದ್ದರು. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಿದ ಚಳವಳಿಯ ಬೆನ್ನಿಗೇ ಅವರು ಶುರು ಮಾಡಿದ ಪತ್ರಿಕೆಯ ಹೆಸರೇ ‘ಬಹಿಷ್ಕೃತ ಭಾರತ’. 1928ರಲ್ಲಿ ಬಾಂಬೆ ಸರ್ಕಾರ ನೇಮಿಸಿದ ಒಂದು ಸಮಿತಿಯಲ್ಲಿ ಅವರು ಸದಸ್ಯರು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವು ಅನ್ನೋದು ಗಮನದಲ್ಲಿರಲಿ. ಸಮಿತಿಯ ವರದಿ ಹೇಳಿದ್ದು ಹೀಗೆ: ದಲಿತರು ಹಕ್ಕು ಚಲಾಯಿಸದಂತೆ ತಡೆಯೋಕೆ ಹೊಡೆತಕ್ಕಿಂತ ಪರಿಣಾಮಕಾರಿಯಾದ ಆಯುಧ ಸಾಮಾಜಿಕ ಬಹಿಷ್ಕಾರ. ಉಳುವ ಜಮೀನು ಅವರದ್ದು, ಕೂಲಿ ಕೊಡುವವರು ಅವರು, ಅಂಗಡಿ ಅವರದ್ದು, ದಾರಿಯೂ ಅವರ ಹೊಲದ ಮೇಲೆ. ಎಲ್ಲ ಒಂದೇ ದಿನ ಮುಚ್ಚಿದರೆ ಬದುಕೋದು ಹೇಗೆ? ಕಾರಣ ಎಂಥದ್ದು? ಒಳ್ಳೇ ಬಟ್ಟೆ ಹಾಕಿದ್ದು, ಜಮೀನು ಕೊಂಡದ್ದು, ಮದುಮಗನನ್ನು ಕುದುರೆ ಮೇಲೆ ಕೂರಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿದ್ದು.

1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಗೆ ಹೋದಾಗ ಅಂಬೇಡ್ಕರ್ ಮತ್ತು ಆರ್. ಶ್ರೀನಿವಾಸನ್ ಸಲ್ಲಿಸಿದ ಬೇಡಿಕೆ ಪಟ್ಟಿಯಲ್ಲಿ ಬಾಯ್ಕಾಟನ್ನು ಅಪರಾಧ ಮಾಡಬೇಕು ಅನ್ನುವುದೂ ಇತ್ತು. ಅದರ ವಾಕ್ಯಗಳನ್ನು ಅವರು 1922ರ ಬರ್ಮಾದ ಬಾಯ್ಕಾಟ್ ವಿರೋಧಿ ಕಾಯ್ದೆಯಿಂದ ತೆಗೆದು ಸ್ವಲ್ಪ ತಿದ್ದಿದ್ದರು. ಆಳುವವರು ಚಳವಳಿಗಾರರ ಕೈಯಿಂದ ಆಯುಧ ಕಿತ್ತುಕೊಳ್ಳಲು ಬರೆದ ಕಾನೂನನ್ನು, ಅದೇ ಆಯುಧದ ಏಟು ತಿನ್ನುತ್ತಿದ್ದವರ ರಕ್ಷಣೆಗೆ ತಿರುಗಿಸಿದರು. ಈ ಬೇಡಿಕೆ ಪೂರ್ತಿ ಕಾನೂನಾಗಲು ಎಷ್ಟು ಕಾಲ ಬೇಕಾಯಿತು ಗೊತ್ತಾ? ದಲಿತ, ಆದಿವಾಸಿಗಳ ಮೇಲೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕ್ತೀವಿ ಅಂತ ಬೆದರಿಸುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸ್ಪಷ್ಟವಾದ ಅಪರಾಧವಾಗಿ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಹೆಚ್ಚುಕಡಿಮೆ 85 ವರ್ಷ. ಇವತ್ತಿಗೂ ಯಾವುದೋ ಹಳ್ಳಿಯಲ್ಲಿ ಕೇರಿಯವರಿಗೆ ಹೋಟೆಲಿನಲ್ಲಿ ಚಹಾ ಕೊಡ್ತಿಲ್ಲ, ಗಿರಣಿಯಲ್ಲಿ ಹಿಟ್ಟು ಬೀಸಿ ಕೊಡ್ತಿಲ್ಲ ಅನ್ನುವ ಸುದ್ದಿ ಜಿಲ್ಲಾ ಪುಟದಲ್ಲಿ ಬರುತ್ತಲೇ ಇರುತ್ತೆ. ನಾವು ಬೆಂಗಳೂರಿನಲ್ಲಿ ಕೂತು ಅದನ್ನು ದಾಟಿ ಮುಂದೆ ಹೋಗ್ತೀವಿ.

ಪೇಟೆಯಲ್ಲಿ ಕೂತವರಿಗೆ ಇದು ದೂರದ ವಿಷಯ ಅನ್ನಿಸಬಹುದು. 2022ರ ಮಾರ್ಚಿನಲ್ಲಿ ನಮ್ಮ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಅನ್ನುವ ಬ್ಯಾನರ್ ಎದ್ದಾಗ ಅದರ ಫೋಟೊ ಹರಿದಾಡಿದ್ದು ನಮ್ಮದೇ ಫೋನುಗಳಲ್ಲಿ. ಸಿನಿಮಾ, ಶಾಂಪೂ, ದೇಶ, ಜಾತಿ, ಬಳೆ ಅಂಗಡಿಯವನು, ಎಲ್ಲಕ್ಕೂ ಒಂದೇ ಹ್ಯಾಶ್‌ಟ್ಯಾಗ್. ಪದ ಒಂದೇ ಆಗಿರುವುದರಿಂದ ಕೆಲಸವೂ ಒಂದೇ ಅನ್ನಿಸಿಬಿಡುತ್ತೆ. ಬೆರಳು ಒತ್ತಿದರೆ ಮೇಯೋದ ರೈತನ ಪಕ್ಕ ನಿಂತ ಹಾಗೆ ಮೈ ಬಿಸಿಯಾಗುತ್ತೆ. ನಿಂತದ್ದು ನಿಜವಾಗಿ ಯಾರ ಪಕ್ಕ ಅನ್ನೋದು ಮಾತ್ರ ಪದದಿಂದ ಗೊತ್ತಾಗಲ್ಲ.

ಹಾಗಾಗಿ ಈ ಪದ ಕಂಡಾಗ ಸ್ಕೂಲಿನ ವ್ಯಾಕರಣದ ಮೇಡಂ ಕಲಿಸಿದ್ದನ್ನೇ ಮಾಡೋದು ಒಳ್ಳೆಯದು. ಕ್ರಿಯಾಪದ ಬಿಡಿ, ಅದು ಯಾರ ಪಕ್ಷವನ್ನೂ ವಹಿಸಲ್ಲ. ಮೊದಲು ಕರ್ತೃ ಹುಡುಕಿ: ಮಾಡುತ್ತಿರುವವರು ಯಾರು, ಇದರಿಂದ ತಾವೂ ಏನಾದರೂ ಕಳೆದುಕೊಳ್ಳುತ್ತಾರಾ? ಮೇಯೋದ ಆಳುಗಳು ಕೂಲಿ ಕಳೆದುಕೊಂಡರು, ಮಾಂಟ್ಗೊಮರಿಯವರು 381 ದಿನ ಕಾಲು ಸವೆಸಿದರು. ಆಮೇಲೆ ಕರ್ಮ ಹುಡುಕಿ: ಏಟು ಬೀಳುತ್ತಿರುವುದು ಯಾರಿಗೆ, ಅವನು ಏನಾದರೂ ಬದಲಿಸಿದರೆ ಇದು ನಿಲ್ಲುತ್ತಾ? ಗೇಣಿ ಇಳಿಸಿದ್ದರೆ ಬಾಯ್ಕಾಟನ ಹೊಲಕ್ಕೆ ಮರುದಿನವೇ ಆಳು ಬರುತ್ತಿದ್ದರು. ಹಿಟ್ಟಿನ ಗಿರಣಿಯ ಮುಂದೆ ಚೀಲ ಹಿಡಿದು ನಿಂತು ವಾಪಸ್ ಹೋದ ಕೇರಿಯ ಹುಡುಗ ಏನು ಬದಲಿಸಿಕೊಂಡು ಬಂದರೆ ಅವನ ಜೋಳ ಬೀಸಿ ಕೊಡ್ತಾರೆ?